ಮೂತಿ ಲಾರಿ ಮತ್ತು ದೊಡ್ಡಪ್ಪನ ಹ್ಯಾಂಡಲ್

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿರುವ ಒಂದೊಂದು ಮಾತೂ ಖರೆ. ಬೇಕಾದರೆ ನಮ್ಮೂರು ಇಂಡಿಯ ನಿಂಬೆಹಣ್ಣು ಕೈಯಲ್ಲಿ ಹಿಡಿದು ಆಣೆ ಮಾಡುತ್ತೇನೆ. ನಮ್ಮ ಮನೆತನದಲ್ಲಿ ಸುಳ್ಳು ಹೇಳುವವರು ಇಬ್ಬರೇ ಇದ್ದರು. ಒಬ್ಬರು ತೀರಿಕೊಂಡರು. ಇನ್ನೊಬ್ಬರು ಯಾರು ಅನ್ನುವುದು ಈಗ ಬೇಡ.

ಎಪ್ಪತ್ತರ ದಶಕದಲ್ಲಿ ಇಂಡಿಯಲ್ಲಿ ನಮ್ಮದೊಂದು ಲಾರಿ ಕಂಪನಿ ಇತ್ತು. ಕಂಪನಿ ಅಂದರೆ ಲಾರಿ ಒಂದು, ಮಾಲಕರು ಮೂವರು: ದೊಡ್ಡಪ್ಪ, ನಮ್ಮಪ್ಪ, ಸಣ್ಣ ಕಾಕಾ. ಓಡಿಸುವವನು ದೊಡ್ಡವ್ವನ ತಮ್ಮ, ನಮಗೆಲ್ಲ ಮಾಮಾ. ನಾನು ಮ್ಯಾನೇಜರ್. ನನ್ನ ಆಫೀಸು ಲೋಡಿನ ಮೇಲೆ, ಶೇಂಗಾ ಚೀಲಗಳ ನಡುವೆ. ಇಡೀ ಬಿಜಾಪುರ ಜಿಲ್ಲೆಯಲ್ಲಿ ಅಷ್ಟು ಎತ್ತರದ ಆಫೀಸು ಕಲೆಕ್ಟರ್ ಸಾಹೇಬರಿಗೂ ಇರಲಿಲ್ಲ.

ಹಳೇ ಲಾರಿ ಇದ್ದ ಮನೆಯಲ್ಲಿ ಹಾಸ್ಯಕ್ಕೆ ಬೇರೆ ಖರ್ಚು ಬೇಕಾಗಿರಲಿಲ್ಲ. ಬೆಳಗಾದರೆ ಸಾಕು, ಏನಾದರೊಂದು ಆಗಿಯೇ ಆಗುತ್ತಿತ್ತು.

೧. ಪೈಲವಾನನ ತಕರಾರು

ನಮ್ಮದು ಮೂತಿ ಲಾರಿ. ಎಂಜಿನ್ನು ಮುಂದೆ ಚಾಚಿಕೊಂಡಿದ್ದು, ಆಚೀಚೆ ಎರಡು ದೀಪ ಕಣ್ಣು ಬಿಟ್ಟುಕೊಂಡು, ಥೇಟ್ ಗುರ್ ಅನ್ನುವ ಹೋರಿಯ ಮುಖ. ಪೆಟ್ರೋಲ್ ಗಾಡಿ. ಬಾಗಿಲು ಕಟ್ಟಿಗೆಯದು. ಸೆಲ್ಫ್ ಸ್ಟಾರ್ಟಿನ ಗುಂಡಿ ಒಂದಿತ್ತು, ಶೋಕಿಗೆ. ಖರೆ ಹೇಳಬೇಕೆಂದರೆ, ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ಸಿಗಿಸಿ ತಿರುವಿದರೇನೇ ಅದು ಏಳುತ್ತಿತ್ತು.

ಲಾರಿ ಬರುವ ಮೊದಲು ನಮ್ಮ ಮನೆಯವರು ಎತ್ತಿನ ಬಂಡಿಯಲ್ಲೇ ಮಾಲು ಸಾಗಿಸುತ್ತಿದ್ದರು. ದೊಡ್ಡಪ್ಪ ತನ್ನ ಮುದ್ದಿನ ಜೋಡೆತ್ತು ಮಾರಿ ಲಾರಿ ತಂದಿದ್ದ. ಎತ್ತು ಕೊಟ್ಟನೇ ಹೊರತು ಅವುಗಳ ಕೊರಳ ಹಗ್ಗ ಕೊಡಲಿಲ್ಲ. ನಮ್ಮ ಕಡೆ ರೂಢಿ ಅದು. ದನ ಮಾರಿದರೂ ಹಗ್ಗ ಬಿಚ್ಚಿಕೊಂಡು ಬರಬೇಕು, ಹಗ್ಗ ಹೋದರೆ ಹಟ್ಟಿಯ ಲಕ್ಷ್ಮೀನೂ ಅದರ ಹಿಂದೆ ಹೋಗುತ್ತಾಳೆ. ಆ ಹಗ್ಗಗಳು ತೂಗುತ್ತಿದ್ದ ಗೂಟಕ್ಕೇ ದೊಡ್ಡಪ್ಪ ಲಾರಿಯ ಹ್ಯಾಂಡಲ್ ತೂಗುಹಾಕಿದ. ‘ಲಾರಿ ಚಾಲೂ ಮಾಡು’ ಎಂದು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ, ‘ಹೋರಿ ಎಬ್ಬಸೂಣು’ ಅನ್ನುತ್ತಿದ್ದ. ಮೂತಿಯ ಮೇಲೆ ಎರಡು ಸಲ ತಟ್ಟಿ, ನಾಲಿಗೆಯಲ್ಲಿ ಚಕ್ ಚಕ್ ಅಂದು, ಒಂದು ತಿರುವು ತಿರುವಿದರೆ ಸಾಕು. ಬೇರೆಯವರ ಕೈಗೆ ಅದು ಬಗ್ಗುತ್ತಿರಲಿಲ್ಲ.

ನಮ್ಮೂರಿನ ಒಬ್ಬ ಪೈಲವಾನ ಇದನ್ನು ಕೇಳಿ ಸಿಟ್ಟಿಗೆದ್ದ.

“ಸರೀರಿ ಯಜಮಾನ್ರ, ಇದನ್ನ ನಾ ಎಡಗೈಲೆ ತಿರುವ್ತೇನಿ.”

“ಬ್ಯಾಡೋ ಪೈಲವಾನ, ಅದಕ್ಕ ನಿನ್ನ ಗುರ್ತಿಲ್ಲ.”

ಪೈಲವಾನ ತೊಡೆ ತಟ್ಟಿ ಹ್ಯಾಂಡಲ್ ಹಿಡಿದು ತಿರುವಿದ. ಎಂಜಿನ್ನು ಒಮ್ಮೆ ಕೆಮ್ಮಿತು. ಹ್ಯಾಂಡಲ್ ಉಲ್ಟಾ ಹೊಡೆಯಿತು. ಪೈಲವಾನ ಗಾಳಿಯಲ್ಲಿ ಹೋದ. ನಾನು ಮೇಲಿನ ಆಫೀಸಿನಲ್ಲಿ ಕೂತಿದ್ದೆನಲ್ಲ, ನನ್ನ ಸರಿಸಮಕ್ಕೆ ಬಂದಾಗ ನಮಸ್ಕಾರವನ್ನೂ ಹೇಳಿದೆ. ಹೋಗಿ ಜೋಳದ ಕಣಕಿಯ ಬಣವಿಯ ಮೇಲೆ ಬಿದ್ದ. ಎದ್ದವನೇ ಮೈ ಝಾಡಿಸಿಕೊಂಡು ದೊಡ್ಡಪ್ಪನ ಮೇಲೆ ಜೋರು ಮಾಡಿದ:

“ಇದೆಂಥಾ ಮೋಸರಿ? ಕುಸ್ತಿಯಾಗ ಒದ್ಯೂದು ನಡ್ಯಂಗಿಲ್ಲ!”

೨. ಸಿಂದಗಿಯ ನಿಬ್ಬಣ

ಒಮ್ಮೆ ಮದುವೆಯ ಮಂದಿಯನ್ನು ತುಂಬಿಕೊಂಡು ಸಿಂದಗಿ ಕಡೆ ಹೊರಟಿದ್ದೆವು. ಲಾರಿ ತುಂಬ ಬೀಗರು, ಬುತ್ತಿ, ಬಾಜಾ. ಮದುಮಗ ಬಾಸಿಂಗ ಸಮೇತ ಮಾಮಾನ ಪಕ್ಕದಲ್ಲಿ. ಸಿಂದಗಿ ಇನ್ನೂ ದೂರ ಇರುವಾಗಲೇ ಒಂದು ಏರು ಬಂತು. ಬಹಳ ದೊಡ್ಡ ಏರೇನಲ್ಲ, ನಮ್ಮ ಕಡೆ ನೆಲ ರೊಟ್ಟಿಯ ಹಾಗೆ ಸಪಾಟು. ಆದರೆ ರೊಟ್ಟಿ ಉಬ್ಬುವುದೂ ಉಂಟಲ್ಲ, ಅಂಥ ಏರು. ನಮ್ಮ ಹೋರಿ ನಡುಮಧ್ಯೆ ಉಸಿರು ಬಿಟ್ಟು ನಿಂತಿತು.

ಎಲ್ಲರೂ ಇಳಿದು ನೂಕಿದರು. ಮದುಮಗನೂ ನೂಕಿದ. ಬಾಸಿಂಗ ಜಾರಿ ಮೂಗಿಗೆ ಬಂತು.

“ಮುಹೂರ್ತ ಮೀರಾಕತ್ತೈತಿ,” ಎಂದು ಮದುಮಗನ ಅಪ್ಪ ಅಳುವುದೊಂದು ಬಾಕಿ. ಅಷ್ಟರಲ್ಲಿ ಎದುರಿಗೆ ಒಬ್ಬ ರೈತ ಬಂಡಿ ಹೊಡೆದುಕೊಂಡು ಬಂದ. ಅವನ ಎತ್ತುಗಳು ದೊಡ್ಡಪ್ಪನನ್ನು ನೋಡಿದ್ದೇ ತಡ, ಕಿವಿ ನಿಗುರಿಸಿ, ಬಂಡಿ ಸಮೇತ ರಸ್ತೆ ಬಿಟ್ಟು ಅವನ ಹತ್ತಿರ ಬಂದು ಅಂಗೈ ನೆಕ್ಕಲು ಶುರು ಮಾಡಿದವು. ಲಾರಿಗೋಸ್ಕರ ಮಾರಿದ್ದ ಅದೇ ಜೋಡಿ!

ರೈತ ಒಳ್ಳೆಯವನು. ಎತ್ತುಗಳನ್ನು ಬಂಡಿಯಿಂದ ಬಿಚ್ಚಿ ಲಾರಿಗೆ ಹೂಡಿದ. ನಾವು ಸಿಂದಗಿಯ ಮದುವೆಗೆ ಮುಂದೆ ಎತ್ತು, ಹಿಂದೆ ಲಾರಿ, ಅದರ ಹಿಂದೆ ನೂಕುವ ಮದುಮಗ, ಈ ಮೆರವಣಿಗೆಯಲ್ಲಿ ಹೋದೆವು. ಹೆಣ್ಣಿನ ಕಡೆಯ ಮುದುಕಿಯೊಬ್ಬಳು ಆರತಿ ಹಿಡಿದು ನಿಂತಿದ್ದಳು, ನೋಡಿ ಅಂದಳು:

“ಚಲೋ ವರಾನ ಹುಡುಕ್ಯಾರ ಬಿಡವ್ವಾ. ಮದವಿಗಿ ಮೊದಲ ಸಂಸಾರ ನೂಕೂದು ಕಲ್ತಾನ!”

ದೊಡ್ಡಪ್ಪನಿಗೆ ಮಾತ್ರ ಮದುವೆಯ ಊಟವೂ ಬೇಡ, ಹೋಳಿಗೆಯೂ ಬೇಡ. ಎತ್ತುಗಳ ಮೈ ಸವರುತ್ತ ಎಲ್ಲರಿಗೂ ಒಂದೇ ಮಾತು ಹೇಳಿದ: “ಹಗ್ಗ ಮನ್ಯಾಗ ಇಟಗೊಂಡೀನಿ ನೋಡ್ರಿ, ಅದಕ್ಕ ತಿರುಗಿ ಬಂದ್ವು. ಹಗ್ಗ ಕೊಟ್ಟಿದ್ರ ಬರ್ತಿದ್ವೇನು?”

ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

೩. ಬಾಗೇವಾಡಿಯಲ್ಲಿ ಕರಿ ಹರಿದದ್ದು

ಕಾರಹುಣ್ಣಿಮೆಯ ದಿನ ಬಸವನ ಬಾಗೇವಾಡಿ ಸೀಮೆಯ ಒಂದು ಹಳ್ಳಿಯಲ್ಲಿ ಮಾಲು ಇಳಿಸಿ ನಿಂತಿದ್ದೆವು. ಬಸವಣ್ಣನ ಸೀಮೆ, ಎತ್ತಿನ ಹಬ್ಬ, ಕೇಳಬೇಕೆ! ಊರ ಎತ್ತಿಗೆಲ್ಲ ಬಣ್ಣ, ಝೂಲಾ, ಗೆಜ್ಜೆ. ದೊಡ್ಡಪ್ಪ ಸುಮ್ಮನಿರುತ್ತಾನೆಯೇ? ಲಾರಿಯ ಮೂತಿಗೆ ಅರಿಷಿಣ ಬಡಿದ, ದೀಪಗಳ ಸುತ್ತ ಸುಣ್ಣ ಬರೆದ, ಭೋಂಪು ಹಾರ್ನಿಗೆ ಗೊಂಡೆ ಕಟ್ಟಿದ.

ಸಂಜೆ ಕರಿ ಹರಿಯುವ ಹೊತ್ತು. ಊರ ಅಗಸಿ ಬಾಗಿಲಿಗೆ ಅಡ್ಡಲಾಗಿ ಬೇವಿನ ತಪ್ಪಲು ಕಟ್ಟಿದ ಹಗ್ಗ. ಅದನ್ನು ಮೊದಲು ಹರಿದುಕೊಂಡು ಹೋದ ಎತ್ತಿನ ಬಣ್ಣ ನೋಡಿ ಹಿರಿಯರು ಆ ವರ್ಷದ ಪೀಕು ಹೇಳುತ್ತಾರೆ. ನಮ್ಮ ಲಾರಿ ದಿಬ್ಬದ ಮೇಲೆ, ಗಾಲಿಗೆ ಕಲ್ಲು ಕೊಟ್ಟುಕೊಂಡು ನಿಂತಿತ್ತು. ಅದರ ಬ್ರೇಕಿನ ವಿಷಯ ನಾನು ಮಾತಾಡುವುದಿಲ್ಲ, ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು.

ದೊಡ್ಡಪ್ಪ ಬಂದವನೇ ಗಾಲಿಯ ಕಲ್ಲು ಸರಿಸಿಬಿಟ್ಟ. “ಹಬ್ಬದ ದಿನಾನರೆ ಕಾಲಿಗಿ ಕಟ್ಟು ಬ್ಯಾಡ.”

ಹೋರಿ ಹೊರಟಿತು. ಮೊದಲು ಮೆಲ್ಲಗೆ, ಆಮೇಲೆ ಹಬ್ಬದ ಕಡುಬು ತಿಂದ ಎತ್ತಿನ ಹಾಗೆ. ಮಂದಿ ಗೋಡೆಗೆ ಅಂಟಿಕೊಂಡರು. ಮಾಮಾ ತಲೆಯ ಪಟಗಾ ಬಿಚ್ಚಿಕೊಂಡು ಹಿಂದೆ ಓಡಿದ: “ನಿಂದ್ರ! ಏ ನಿಂದ್ರ ನಮ್ಮಪ್ಪಾ!” ಅದು ನಿಲ್ಲಲಿಲ್ಲ. ಬಿಳಿ ಎತ್ತನ್ನು ದಾಟಿ, ಕೆಂದೆತ್ತನ್ನು ದಾಟಿ, ಕರಿ ಹರಿದು, ಊರ ಹೊರಗಿನ ತಿಪ್ಪೆಗೆ ಮೂತಿ ಇಟ್ಟು ನಿಂತಿತು. ಯಾರಿಗೂ ಒಂದು ತರಚು ಗಾಯವಿಲ್ಲ.

ಊರೆಲ್ಲ ಕಟ್ಟೆಗೆ ಬಂದು ಕೂಡಿತು. ಕಟ್ಟೆಯ ಮೇಲಿನ ಹಿರಿಯನನ್ನು ಯಾರೋ ಕೇಳಿದರು: “ಮುತ್ಯಾ, ಬಿಳೀದು ಬಂದ್ರ ಜೋಳ ಅಂತಿದ್ದಿ. ಈ ಸಲ ನೀಲಿ ಲಾರಿ ಬಂದೈತಿ. ಏನ್ ಬೆಳೀತೈತಿ?”

ಮುತ್ಯಾ ಎಲೆ ಅಡಿಕೆ ಉಗುಳಿ ಬಹಳ ಹೊತ್ತು ವಿಚಾರ ಮಾಡಿ ಹೇಳಿದ:

“ಸೀಮಿಎಣ್ಣಿ.”

೪. ಮುದ್ದೇಬಿಹಾಳದ ಬೀಗರು

ಸೀಮೆಎಣ್ಣೆ ಬೆಳೆಯಲಿಲ್ಲ. ಪೆಟ್ರೋಲು ತುಟ್ಟಿಯಾಯಿತು. ಎಲ್ಲೋ ಅರಬರ ದೇಶದಲ್ಲಿ ಏನೋ ಆಯಿತಂತೆ, ಇಂಡಿಯಲ್ಲಿ ನಮ್ಮ ಲಾರಿ ಉಪವಾಸ ಬಿತ್ತು. ನಮ್ಮಪ್ಪ, ಸಣ್ಣ ಕಾಕಾ ಇಬ್ಬರೂ ಕೂಡಿ, ಇದನ್ನು ಮಾರಿ ಡೀಸೆಲ್ ಲಾರಿ ತರೋಣ ಎಂದರು. ದೊಡ್ಡಪ್ಪ ವಾರಗಟ್ಟಲೆ ಲಾರಿಯ ಮೂತಿ ಒರೆಸುತ್ತ ಓಡಾಡಿದ. ಕಡೆಗೆ, “ಮುರದು ಮಾರಾವರಿಗಿ ಕೊಡಂಗಿಲ್ಲ. ದುಡಸಾವರಿಗಿ ಕೊಡ್ರಿ,” ಎಂದಷ್ಟೇ ಹೇಳಿದ. ಅಷ್ಟು ಹೇಳುವುದಕ್ಕೆ ಅವನು ಗೋಡೆಯ ಕಡೆ ಮುಖ ಮಾಡಬೇಕಾಯಿತು.

ಮುದ್ದೇಬಿಹಾಳದಿಂದ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿಯೊಬ್ಬರು ಬಂದರು. ದನದ ಸಂತೆಯ ಪದ್ಧತಿಯಂತೆ ಟಾವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯವಹಾರ ಮುಗಿಯಿತು. ದೊಡ್ಡಪ್ಪನೇ ಹ್ಯಾಂಡಲ್ ಹೊಡೆದು ಎಬ್ಬಿಸಿದ. ಎಂಜಿನ್ನು ಹತ್ತಿತು. ದೊಡ್ಡಪ್ಪ ಹ್ಯಾಂಡಲ್ ಕಿತ್ತುಕೊಂಡು ಒಳಗೆ ನಡೆದ.

“ಯಜಮಾನ್ರ, ಹ್ಯಾಂಡಲ್?”

“ಅದು ಮನೀದು.”

“ಲಾರಿ ತಗೊಂಡೀನಲ್ರಿ ನಾ!”

“ಎತ್ತು ತಗೊಂಡ್ರ ಹಗ್ಗ ಕೊಡ್ತಾರೇನ್ರಿ ನಿಮ್ಮೂರಾಗ?”

 ವ್ಯಾಪಾರಿಯದೂ ಒಕ್ಕಲುತನದ ಮನೆ. ಮನುಷ್ಯ ಕೋರ್ಟಿನ ಮಾತಿಗೆ ಎದುರಾಡಬಹುದು, ಹಟ್ಟಿಯ ಮಾತಿಗೆ ಹೇಗೆ ಎದುರಾಡುವುದು? “ಹೌದ್ರಿ,” ಎಂದರು, “ಹಗ್ಗ ಕೊಡಂಗಿಲ್ಲ.” ಎಂಜಿನ್ನು ಆರುವ ಮೊದಲೇ ಗಡಿಬಿಡಿಯಿಂದ ಹತ್ತಿ ಕೂತರು. ಲಾರಿ ಬೇರೆಯವರ ಮಾತು ಕೇಳುವುದಿಲ್ಲವೆಂದು ಮಾಮಾನೂ ಡ್ರೈವರಾಗಿ ಅದರ ಸಂಗಡವೇ ಹೋದ.

ಹಬ್ಬಕ್ಕೆ ಬಂದಾಗ ಮಾಮಾ ಸುದ್ದಿ ಹೇಳುತ್ತಿದ್ದ. ಕಂಬಾರರ ಹತ್ತಿರ ಹೊಸ ಹ್ಯಾಂಡಲ್ ಮಾಡಿಸಿದರಂತೆ, ಹೋರಿ ಅದನ್ನು ಉಗುಳಿತಂತೆ. ಈಗ ದಿನಾ ಇಳುಕಲಿನಲ್ಲೇ ನಿಲ್ಲಿಸಿ ಉರುಳಿಸಿ ಎಬ್ಬಿಸಬೇಕಂತೆ. “ಮುದ್ದೇಬಿಹಾಳದಾಗ ಮನಿಗಿ ಜಾಗಾ ನೋಡಾಕ ಬಂದಾವರು ಮೊದಲ ನಮ್ಮ ಲಾರಿ ಎಲ್ಲಿ ನಿಂತೈತಿ ನೋಡ್ತಾರ,” ಎಂದ ಮಾಮಾ. “ಅಲ್ಲಿ ಮಳಿನೀರು ನಿಂದ್ರಂಗಿಲ್ಲ ಅನ್ನೂದು ಖಾತ್ರಿ!”

ಎಲ್ಲರೂ ನಕ್ಕೆವು. ದೊಡ್ಡಪ್ಪ ನಗಲಿಲ್ಲ. “ಮೂತಿ ತೊಳೀತಾರೇನು?” ಎಂದು ಕೇಳಿದ.

೫. ತವರಿಗೆ ಬಂದದ್ದು

ಹೊಸ ಲಾರಿ ಬಂತು. ಚಾವಿ ತಿರುವಿದರೆ ಸಾಕು, ಹೊರಡುತ್ತಿತ್ತು. ದೊಡ್ಡಪ್ಪ ಅದರ ಹತ್ತಿರವೂ ಸುಳಿಯಲಿಲ್ಲ. “ಯಾರು ಕರದ್ರೂ ಏಳ್ತೈತಿ ಅದು. ನನ್ನ ಕೈಲೆ ಏನೈತಿ ಕೆಲಸ?” ಬೆಳಗ್ಗೆ ಎದ್ದು ರೂಢಿಯಂತೆ ಅಂಗಳಕ್ಕೆ ಹೋಗುತ್ತಿದ್ದ, ಮೂತಿ ಇರುತ್ತಿದ್ದ ಜಾಗದಲ್ಲಿ ಕೈ ಎತ್ತುತ್ತಿದ್ದ, ತಟ್ಟುವುದಕ್ಕೆ ಏನೂ ಇಲ್ಲದೆ ಆ ಕೈಯಿಂದ ತಲೆ ಕೆರೆದುಕೊಂಡು ಒಳಗೆ ಬರುತ್ತಿದ್ದ. ರೊಟ್ಟಿ ಅರ್ಧಕ್ಕೆ ಬಿಡತೊಡಗಿದ. ದೊಡ್ಡವ್ವ ನಮ್ಮಪ್ಪನನ್ನು ಕರೆದು, “ಲಾರಿ ಮಾರೀರಿ, ಇವರನ್ನೂ ಅದರ ಕೂಡನ ಕಳಸಬೇಕಿತ್ತು,” ಎಂದಳು. ಚೇಷ್ಟೆಗೆ ಅಂದದ್ದಲ್ಲ.

ಒಂದು ಮಧ್ಯಾಹ್ನ ದೂರದಿಂದ ಭೋಂಪು ಕೇಳಿತು. ಆ ಭೋಂಪು ಎಂಥದೆಂದರೆ, ಇಂಡಿಯಲ್ಲಿ ಒತ್ತಿದರೆ ಆಲಮೇಲದಲ್ಲಿ ಬಸ್ಸಿಗೆ ಕಾದವರು ಗಂಟು ಎತ್ತಿಕೊಳ್ಳುತ್ತಿದ್ದರು. ಫರಸಿ ಕಲ್ಲು ಹೇರಿಕೊಂಡು, ಮಾಮಾ ಓಡಿಸುತ್ತಿದ್ದ ನಮ್ಮ ಮೂತಿ ಲಾರಿ ಓಣಿಯ ಮುಂದಿನ ರಸ್ತೆಗೆ ಬಂತು. ಬಂದು, ನಮ್ಮ ಬಾಗಿಲಿನ ಸರಿ ಎದುರಿಗೆ, ಒಂದು ಗೇಣು ಆಚೆಯಿಲ್ಲ, ಒಂದು ಗೇಣು ಈಚೆಯಿಲ್ಲ, ತಾನಾಗಿಯೇ ನಿಂತುಬಿಟ್ಟಿತು.

ವ್ಯಾಪಾರಿ ಇಳಿದು ಹಣೆ ಬಡಿದುಕೊಂಡರು. ನೆಲ ಸಪಾಟು, ಮೇಲೆ ಕಲ್ಲಿನ ಹೇರು. ಊರೇ ಬಂದು ನೂಕಿದರೂ ಮಿಸುಕುವಂತಿಲ್ಲ. ದೊಡ್ಡವ್ವ ಕೊಡ ನೀರು ತಂದು ಮೂತಿಗೆ ಹೊಯ್ದಳು, ಕುಂಕುಮ ಹಚ್ಚಿದಳು. “ತವರಿಗಿ ಬಂದೈತಿ. ಹಂಗ ಕಳಸಬಾರದು.”

ಎಲ್ಲರೂ ದೊಡ್ಡಪ್ಪನ ಕಡೆ ನೋಡಿದೆವು. ಅವನು ಒಳಗೆ ಹೋದ. ಬರಲು ಬಹಳ ಹೊತ್ತಾಯಿತು. ಬಂದಾಗ ಕೈಯಲ್ಲಿ ಹ್ಯಾಂಡಲ್. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ದಿನಾ ಎಣ್ಣೆ ಹಚ್ಚಿ ಒರೆಸುತ್ತಿದ್ದ ಅನ್ನುವುದು ನಮಗೆ ಗೊತ್ತಾದದ್ದೇ ಆಗ. ಎರಡು ಸಲ ತಟ್ಟಿದ. ಚಕ್ ಚಕ್ ಅಂದ. ಒಂದೇ ತಿರುವು.

ಹೋರಿ ಎದ್ದಿತು. ದೊಡ್ಡಪ್ಪ ಮೂತಿಯ ಮೇಲಿಟ್ಟ ಕೈ ತೆಗೆಯಲಿಲ್ಲ. ಎಂಜಿನ್ನಿನ ನಡುಕಕ್ಕೆ ಅವನ ತೋಳು, ಗಡ್ಡ, ಪಟಗಾದ ಸೆರಗು ಎಲ್ಲ ನಡುಗುತ್ತಿದ್ದವು. ಎಂಜಿನ್ನಿನ ನಡುಕಕ್ಕೇ ಅಂತ ನಾವೂ ಅಂದುಕೊಂಡೆವು.

ವ್ಯಾಪಾರಿ ಕೈ ಮುಗಿದರು. “ಈಗರೆ ಅದನ್ನ ಕೊಡ್ರಿ ಯಜಮಾನ್ರ.”

“ಕೊಟ್ರ ತಿರುಗಿ ಬರ್ತೈತೇನ್ರಿ?”

ವ್ಯಾಪಾರಿ ಮುಗಿದ ಕೈ ಇಳಿಸಿದರು. ಆಮೇಲೆ, “ಬ್ಯಾಡ್ರಿ, ನಿಮ್ಮ ಗೂಟಕ್ಕ ಇರ್ಲಿ,” ಎಂದು ಹತ್ತಿ ಹೋದರು. ಆ ದಿನ ದೊಡ್ಡಪ್ಪ ರೊಟ್ಟಿ ಪೂರಾ ತಿಂದ, ಮತ್ತೊಂದು ಕೇಳಿದ.

ಅಲ್ಲಿಂದ ಮುಂದೆ ಆ ಲಾರಿ ಇಂಡಿ ಹಾದಿ ಹಿಡಿದಾಗಲೆಲ್ಲ ನಮ್ಮ ಬಾಗಿಲಲ್ಲಿ ನಿಲ್ಲುತ್ತಿತ್ತು. ದೊಡ್ಡಪ್ಪ ಇರುವ ತನಕ ನಿಂತಿತು. ಹ್ಯಾಂಡಲ್ ಈಗಲೂ ಅದೇ ಗೂಟಕ್ಕಿದೆ, ಹಗ್ಗಗಳ ಪಕ್ಕ. ಕಾರಹುಣ್ಣಿಮೆಗೆ ನಾನೇ ಅರಿಷಿಣ ಹಚ್ಚುತ್ತೇನೆ. ತಿರುವುವುದಕ್ಕೆ ಮೂತಿಯೇ ಇಲ್ಲ.

ಹಾಂ, ನಿಂಬೆಹಣ್ಣಿನ ಆಣೆ ಮಾಡಿದ್ದೇನಲ್ಲ, ಒಂದು ಸಣ್ಣ ಸಂಗತಿ ಹೇಳಿಬಿಡಬೇಕು. ‘ತಾನಾಗಿಯೇ ನಿಂತಿತು’ ಎಂದದ್ದು ನನ್ನ ಕೈಯಿಂದ ಸೇರಿಸಿದ್ದು. ಚಾವಿ ತಿರುವಿ ಬಂದ್ ಮಾಡಿದವನು ಮಾಮಾ. ಅವನ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಹೇಳಿ ಕಳಿಸಿದ್ದಳು, ಮಾಮಾ ಮಾಡಿದ. ಎಷ್ಟೋ ವರ್ಷದ ಮೇಲೆ ನಾನು ಕೇಳಿದಾಗ ಅವನು ಸುತ್ತಮುತ್ತ ನೋಡಿ, ಬಾಯಿ ಕಿವಿಗೆ ತಂದು ಹೇಳಿದ:

“ಬಂದ್ ಮಾಡಿದ್ದು ಮೊದಲನೇ ಸಲ ಅಷ್ಟ ತಮ್ಮಾ. ಆಮ್ಯಾಲಿಂದೆಲ್ಲ ಅದು ತಾನ ಕಲ್ತುಬಿಡ್ತು!”