ಹುಟ್ಟುವ ಮೊದಲೇ ಹಾಜರಿ

ನಮ್ಮ ಓಣಿಯ ಬಸುರಿ ಹೆಂಗಸರು ಅಂಜುವುದು ಎರಡಕ್ಕೆ ಮಾತ್ರ. ಒಂದು ಗ್ರಹಣಕ್ಕೆ, ಇನ್ನೊಂದು ನಿಮ್ಮ ಸಣ್ಣ ಮುತ್ಯಾನಿಗೆ! ಗ್ರಹಣವಾದರೂ ಹೊತ್ತು ಹೇಳಿ ಬರುತ್ತದೆ, ಹಿಡಿದ ಮೇಲೆ ಬಿಟ್ಟೂ ಬಿಡುತ್ತದೆ. ಈ ಮನುಷ್ಯ ಹಿಡಿದರೆಂದರೆ ಹೊಟ್ಟೆಯೊಳಗಿನ ಕೂಸು ಹುಟ್ಟಿ, ಬೆಳೆದು, ಏಳನೆಯ ಇಯತ್ತೆ ಪಾಸಾಗುವವರೆಗೂ ಬಿಡುವುದಿಲ್ಲ.

ಮೊಮ್ಮಕ್ಕಳೇ, ನಿಮ್ಮ ಮುತ್ಯಾನ ಈ ತಮ್ಮನ, ಅಂದರೆ ನನ್ನ ಮೈದುನನ, ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಓಡಿಹೋಗಿ ತೋರಿಸುತ್ತೀರಿ. ಅವರು “ವೈನೀ!” ಎಂದು ಒಂದು ಕೂಗು ಹಾಕುತ್ತಾರೆ. ಬನಹಟ್ಟಿಯಲ್ಲಿ ಕೂಗಿದ್ದು ರಬಕವಿಯಲ್ಲಿ ಕೇಳಿಸುತ್ತದೆ. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದ ನಡುವೆ ಮಾತಾಡಿ ಬೆಳೆದವರಿಗೆ ಸಣ್ಣ ದನಿ ಎಲ್ಲಿಂದ ಬರಬೇಕು? ಅವರು ಗುಟ್ಟು ಹೇಳಬೇಕಾದರೆ ಮೊದಲು ನಾವು ಕಿಟಕಿ ಮುಚ್ಚಬೇಕು. ನಾನೋ, ಹಳ್ಳಿಯ ಶಾಲೆಯಲ್ಲಿ ಕಲಿತು ಬಂದವಳು, ನಾಲ್ಕು ಜನರ ಎದುರು ಕೆಮ್ಮಲಿಕ್ಕೂ ನಾಚಿಕೆ. ನಮ್ಮಿಬ್ಬರನ್ನೂ ತಂದು ಒಂದೇ ಮನೆತನದಲ್ಲಿ ಹಾಕಿದ ದೇವರಿಗೆ ಏನೆನ್ನಬೇಕು!

ಅವರಿಗಿರುವ ಹುಚ್ಚು ಒಂದೇ, ಓಣಿಯ ತುದಿಯಲ್ಲಿರುವ ಕನ್ನಡ ಶಾಲೆ. ಸಂಸ್ಥಾನದ ಕಾಲದ ಕಲ್ಲುಕಟ್ಟಡ. ಅದನ್ನು ಕಟ್ಟುವಾಗ ಓಣಿಯ ನೇಕಾರರು ಅಮಾವಾಸ್ಯೆಯ ದಿನ ಮಗ್ಗಕ್ಕೆ ಸೂಟಿ ಕೊಟ್ಟು ಕಲ್ಲು ಹೊತ್ತರಂತೆ. ಹೊತ್ತವರಲ್ಲಿ ಇವರ ಅಜ್ಜನೂ ಒಬ್ಬ. ಅಜ್ಜ ಹೊತ್ತ ಕಲ್ಲು ಯಾವುದೆಂದು ಕೇಳಿದರೆ ಬಾಗಿಲ ಬಲಗಡೆಯದನ್ನು ಮುಟ್ಟಿ ತೋರಿಸುತ್ತಾರೆ. ಮರುದಿನ ಕೇಳಿದರೆ ಎಡಗಡೆಯದು! ಇವರ ಲೆಕ್ಕದಲ್ಲಿ ಇಡೀ ಶಾಲೆಯನ್ನು ಅಜ್ಜ ಒಬ್ಬನೇ ಹೊತ್ತಿದ್ದಾನೆ.

ಆ ಹೊಸ್ತಿಲನ್ನು ಯಾರೂ ಚಪ್ಪಲಿ ಹಾಕಿಕೊಂಡು ದಾಟುವಂತಿಲ್ಲ. ಒಮ್ಮೆ ತಪಾಸಣೆಗೆ ಹೊಸ ಸಾಹೇಬರೊಬ್ಬರು ಬಂದರು. ಇವರು ಅಡ್ಡ ನಿಂತು “ಸಾಹೇಬರ, ಬೂಟು!” ಎಂದರು.

“ಇದೇನು ಗುಡಿ ಏನ್ರೀ?”

“ಗುಡ್ಯಾಗ ದೇವರು ಒಬ್ಬಾವ ಕುಂತಿರತಾನ್ರಿ. ಇಲ್ಲಿ ಸಾಲು ಹಿಡದು ಕುಂತಾವ.”

ಸಾಹೇಬರು ಪಾಪ, ಬೂಟು ಕಳೆದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿತು. ಸಾಲು ಹಿಡಿದು ಕುಳಿತ ದೇವರುಗಳೆಲ್ಲ ಕಿಸಕ್ಕನೆ ನಕ್ಕುಬಿಟ್ಟವು!

ಇದನ್ನಾದರೂ ಸಹಿಸಬಹುದಿತ್ತು. ಬೀಳಗಿಯಿಂದ ನಮ್ಮ ನೆಂಟರ ಹುಡುಗಿಯನ್ನು ನೋಡಲು ಒಬ್ಬ ವರ ಬಂದಿದ್ದ. ಹಿರಿಯರು ನೌಕರಿ ಕೇಳಿದರು, ಹೊಲ ಕೇಳಿದರು. ಇವರು ಕೇಳಿದ್ದು, “ಮುಂದ ನಿನ್ನ ಮಕ್ಕಳನ್ನ ಯಾವ ಸಾಲಿಗೆ ಹಾಕಾಂವಪ್ಪಾ?” ಹುಡುಗ ಇನ್ನೂ ಹುಡುಗಿಯ ಮುಖವನ್ನೇ ನೋಡಿರಲಿಲ್ಲ! ಅವಲಕ್ಕಿ ನೆತ್ತಿಗೇರಿ ಕೆಮ್ಮಿದ ಕೆಮ್ಮು ಬೀಳಗಿ ಮುಟ್ಟುವವರೆಗೆ ನಿಲ್ಲಲಿಲ್ಲವಂತೆ.

ಆದರೆ ನನ್ನ ಜೀವ ಬಾಯಿಗೆ ಬಂದದ್ದು ಕಿರಿಯ ಸೊಸೆಯ ಕುಬಸದಲ್ಲಿ, ಅದೇ ಸೀಮಂತದಲ್ಲಿ. ಆಕೆಯ ಮಗಳು ಪುಟ್ಟಿ ಆಗ ಹೊಟ್ಟೆಯಲ್ಲಿದ್ದಳು. ಮುಧೋಳದಿಂದ ಬೀಗರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಹಸಿರು ಸೀರೆ ಉಟ್ಟ ಸೊಸೆಗೆ ಮುತ್ತೈದೆಯರು ಹಾಡು ಹೇಳುತ್ತ ಉಡಿ ತುಂಬುತ್ತಿದ್ದರು. ನಿಮ್ಮ ಮುತ್ಯಾ ತೀರಿಹೋದ ಮೇಲೆ ಇಂಥ ಕಾರ್ಯಗಳಲ್ಲಿ ನಾನು ಅಡುಗೆಮನೆಯ ಬಾಗಿಲು ದಾಟುವುದಿಲ್ಲ. ಅಲ್ಲಿಂದಲೇ ನೋಡುತ್ತಿದ್ದೆ. ಹೆಂಗಸರ ನಡುವೆ ದಾರಿ ಮಾಡಿಕೊಂಡು ಒಂದು ಬಿಳಿ ಟೋಪಿ ಬರುತ್ತಿದೆ! ನೋಡನೋಡುತ್ತಿದ್ದಂತೆಯೇ ನಿಮ್ಮ ಸಣ್ಣ ಮುತ್ಯಾ ಅಂಗಿಯೊಳಗಿನಿಂದ ಕಟ್ಟಿಗೆ ಚೌಕಟ್ಟಿನ ಒಂದು ಕಲ್ಲಿನ ಪಾಟಿ, ಅದರ ಜೊತೆ ಬಳಪ ತೆಗೆದು, ಅಕ್ಕಿ, ಉತ್ತತ್ತಿ, ತೆಂಗಿನಕಾಯಿಗಳ ಮೇಲೆ ಉಡಿಯಲ್ಲಿ ಇಟ್ಟೇಬಿಟ್ಟರು.

ಹಾಡು ನಿಂತಿತು. ಬೀಗರ ಕಡೆಯ ಮುದುಕಿಯೊಬ್ಬಳು ಎದ್ದು ನಿಂತಳು.

“ಏ ಭಾಡ್ಯಾ, ಉಡಿ ತುಂಬೂದು ಮುತ್ತೈದೇರ ಕೆಲಸ. ನೀ ಯಾವಾಗ ಸೀರಿ ಉಟ್ಟಿ?”

“ನಾ ಎಲ್ಲಿ ತುಂಬೇನಿಬೇ ಯಮ್ಮಾ? ಸಾಲಿ ತುಂಬಾಕತ್ತೈತಿ. ಅದಕ್ಕ ನಡಿಯಾಕ ಬರಂಗಿಲ್ಲಂತ ನಾ ತಂದೇನಿ.”

“ಅಯ್ಯ, ಹುಟ್ಟೂದು ಗಂಡೋ ಹೆಣ್ಣೋ ಗೊತ್ತಿಲ್ಲ, ಈಗಾ ಸಾಲೀ ಮಾತು!”

“ಯಾವುದಾದ್ರೂ ನಡಿತೈತಿ. ಹೆಸರು ಆಮ್ಯಾಲ ಇಟ್ಕೋರಿ. ಒಂದನೇ ಇಯತ್ತೆ ಮಾತ್ರ ಖಾಯಂ!”

ಪಾಟಿಯ ಭಾರಕ್ಕೆ ಉಡಿ ಜಗ್ಗಿ ತೆಂಗಿನಕಾಯಿ ಉರುಳಿ ವಿಡಿಯೋದವನ ಕಾಲ ಮೇಲೆ ಬಿತ್ತು. ಇಂದಿಗೂ ಆ ವಿಡಿಯೋ ಹಾಕಿದರೆ ಅಲ್ಲಿಂದ ಮುಂದೆ ಬರೀ ಮಾಳಿಗೆಯ ತೊಲೆ ಕಾಣುತ್ತದೆ, “ಅಯ್ಯಯ್ಯೋ” ಎಂಬುದು ಕೇಳುತ್ತದೆ!

ಅಂದಿನಿಂದ ಓಣಿಯಲ್ಲಿ ಯಾರ ಕುಬಸವಾದರೂ ಕರೆಯದೆಯೇ ಒಂದು ಪಾಟಿ ಹೋಗುವುದು ರೂಢಿಯಾಯಿತು. ಜನ ನಕ್ಕರು, ಪಾಟಿ ತೆಗೆದುಕೊಂಡರು. ಮಕ್ಕಳು ಬೆಳೆಯತೊಡಗಿದಂತೆ ಒಂದೊಂದಾಗಿ ಜಮಖಂಡಿ ರಸ್ತೆಯ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತತೊಡಗಿದವು. ಮೊಮ್ಮಕ್ಕಳೇ, ನೀವೂ ಅದೇ ಬಸ್ಸಿನವರೇ. ನಿಮ್ಮನ್ನು ಬಯ್ಯುತ್ತಿಲ್ಲ.

ಈ ವರ್ಷ ಶಾಲೆ ತೆರೆಯುವ ಮೊದಲು ಅಲ್ಲಿಯ ಟೀಚರು ಒಂದು ಸುದ್ದಿ ಹೇಳಿದರು. ಒಂದನೆಯ ಇಯತ್ತೆಗೆ ಈ ಸಲವೂ ಮಕ್ಕಳು ಬರದಿದ್ದರೆ ಶಾಲೆಯನ್ನು ದೊಡ್ಡ ರಸ್ತೆಯ ಆಚೆಯ ಶಾಲೆಗೆ ಸೇರಿಸಿ, ಇದಕ್ಕೆ ಬೀಗ ಹಾಕುತ್ತಾರಂತೆ. ಇವರ ಟೋಪಿ ಒಂದು ಕ್ಷಣವೂ ಮನೆಯಲ್ಲಿ ನಿಲ್ಲಲಿಲ್ಲ. ತಾವು ಪಾಟಿ ಕೊಟ್ಟ ಮನೆಗಳಿಗೆಲ್ಲ ವಸೂಲಿಗೆ ಹೊರಟರು.

“ತಂಗೀ, ನಿನ್ನ ಉಡ್ಯಾಗಿನ ಪಾಟಿ ಎಲ್ಲೈತವಾ?”

“ಐತ್ರಿ ಕಾಕಾ. ಮಸರಿನ ಗಡಿಗಿ ಮ್ಯಾಲ ಮುಚ್ಚೇನಿ.”

ಇನ್ನೊಬ್ಬಳು ಅದನ್ನು ಇಲಿಯ ಬಿಲಕ್ಕೆ ಅಡ್ಡ ಇಟ್ಟಿದ್ದಳು. “ಹೋಗ್ಲಿ ಬಿಡು, ಇಲಿಗಾದ್ರೂ ನಾಕು ಅಕ್ಷರ ಬಂದಾವಿಲ್ಲೋ!” ಎಂದು ನಕ್ಕು ಬಂದರು.

ಮೂರನೆಯ ಮನೆಯಲ್ಲಿ ನಗಲಿಕ್ಕಾಗಲಿಲ್ಲ. ಅಲ್ಲಿಯ ಹುಡುಗಿ ಹೊಸ್ತಿಲಲ್ಲಿ ನಿಂತು, ಮರ್ಯಾದೆಯಿಂದಲೇ ಅಂದಳು, “ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನೀ ಹುಡುಗೂರೆಲ್ಲ ಹಳದಿ ಬಸ್ಸಿನ್ಯಾಗ ಹೋಗತಾವ. ಪುಟ್ಟಿಗೂ ಟೈ ತಂದಿಟ್ಟಾರಂತ. ಬೀಳೂ ಸಾಲಿಗೆ ಕಳಸಾಕ ನಮ್ಮ ಕೂಸುಗಳಷ್ಟ ಸಿಕ್ಕೂವೇನ್ರಿ?”

ಇವರು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಚಹಾ ಕೊಟ್ಟೆ. ಆರಿ ಕೆನೆಗಟ್ಟಿತು. ಕುಡಿಯಲಿಲ್ಲ.

“ವೈನಿ, ಆಕಿ ಖರೇನ ಹೇಳಿದಳ್ರಿ.”

ನಾನು ತಟ್ಟನೆ ತಿರುಗಿ ನೋಡಿದೆ. ಮಾತಿಗಲ್ಲ, ದನಿಗೆ. ಅವರಿಗೆ ಅಷ್ಟು ಸಣ್ಣ ದನಿ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ!

“ಮತ್ತ ನಮ್ಮ ಸೊಸಿಗೆ ಒಂದು ಮಾತು ಕೇಳಬೇಕಿಲ್ರಿ?” ಎಂದೆ.

“ಊರ ಮಂದಿಗೆ ಜುಲುಮಿ ಮಾಡೇನ್ರಿ. ಅಣ್ಣ ಇಲ್ಲದ ಮನ್ಯಾಗ ಬಂದು ನಾ ದರ್ಪ ಮಾಡಲೇನು? ಬ್ಯಾಡ್ರಿ. ಹಾಕಲಿ ಬೀಗ.” ಎದ್ದು ಹೋದರು. ಇಡೀ ಊರನ್ನು ಗದರಿಸಿದವರು ನಮ್ಮ ಮನೆಯೊಳಗೆ ಇಷ್ಟು ವರ್ಷ ಅಂಜಿ ಕಾಲಿಟ್ಟಿದ್ದರೇ?

ಆ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಜಮಖಂಡಿಯ ಬ್ಯಾಂಕಿನ ಕೆಲಸ ಮುಗಿಸಿ ಬಂದ ಕಿರಿಯ ಸೊಸೆ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ನನ್ನ ಬಾಯಿಂದ ಮಾತು ಹೊರಬಿದ್ದೇ ಹೋಯಿತು.

“ಪುಟ್ಟಿನ್ನ ನಮ್ಮ ಸಾಲಿಗೆ ಕಳಸೂಣೇನವಾ?”

ಆಕೆಯ ಈಳಿಗೆ ನಿಂತಿತು. ನನ್ನ ಕೈಯೂ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

“ಅತ್ತಿ, ‘ಸಾರಿಗೆ ಉಪ್ಪು ಕಡಿಮಿ ಆಗೈತಿ’ ಅಂತ ಸುದ್ದಾ ನನಗ ಹೇಳಿದವರಲ್ಲ ನೀವು!”

“ಹೂಂನವಾ.”

“ಇಂಗ್ಲಿಷಿನ್ಯಾಗ ಹಿಂದ ಬಿದ್ದಳಂದ್ರ?”

“ಅದು ನನಗ ತಿಳಿಯಂಗಿಲ್ಲವಾ. ಖರೇ ಹೇಳತೇನಿ.”

ಆಕೆ ಮತ್ತೆ ಈಳಿಗೆ ಎಳೆದುಕೊಂಡಳು. ಮರುದಿನ ರಜೆ ಹಾಕಿ ಶಾಲೆಗೆ ಹೋದಳು. ಟೀಚರು ಸೆರಗು ಸಿಕ್ಕಿಸಿಕೊಂಡು ಕೋಣೆ ಗುಡಿಸುತ್ತಿದ್ದರಂತೆ. ಸೊಸೆ ಪಾಯಖಾನೆಯ ಚಿಲಕ ಹಾಕಿ ನೋಡಿದಳು, ನಳ ತಿರುಗಿಸಿ ನೋಡಿದಳು, ಟೀಚರ ಜೊತೆ ಬಹಳ ಹೊತ್ತು ಕುಳಿತು ಮಾತಾಡಿದಳು. ಬಂದು ಹೇಳಿದಳು, “ಆ ಟೀಚರು ಛಲೋ ಅದಾರ್ರಿ ಅತ್ತಿ. ಇಂಗ್ಲಿಷ್ ನಾ ಮನ್ಯಾಗ ಹೇಳಿಕೊಡತೇನಿ. ಒಂದು ವರ್ಷ ನೋಡೂಣು. ಆದರ ಸಣ್ಣ ಮಾವಾರಿಗೆ ಹೇಳಬ್ಯಾಡ್ರಿ, ಊರ ತುಂಬ ಡಂಗುರ ಹೊಡಿತಾರ!”

ಶಾಲೆ ತೆರೆದ ದಿನ ಆಕೆ ಪುಟ್ಟಿಯನ್ನು ಗಾಡಿಯ ಮೇಲೆ ಕರೆದೊಯ್ಯಲಿಲ್ಲ. ಓಣಿಯ ನಡುವೆ ನಡೆಸಿಕೊಂಡು ಹೊರಟಳು. ಹಿಂದೆ ಸೆರಗು ಎಳೆದುಕೊಂಡು ನಾನು. ಮನೆಮನೆಯ ಬಾಗಿಲಲ್ಲಿ ಜನ ಬಾಯಿ ತೆರೆದು ನಿಂತರು. ಅಂದು ಹೊಸ್ತಿಲಲ್ಲಿ ನಿಂತು ಮಾತಾಡಿದ ಹುಡುಗಿ ನಮ್ಮನ್ನು ನೋಡಿ ಗಡಬಡಿಸಿ ಒಳಗೆ ಓಡಿದಳು. ತನ್ನ ಮಗನನ್ನು ಎಳೆದುಕೊಂಡು ಬಂದಳು. ಟೈ ಬಿಚ್ಚಲಿಕ್ಕೂ ಪುರಸೊತ್ತಿಲ್ಲ, ಅದು ಅವನ ಬೆನ್ನ ಮೇಲೆ ಹಾರಾಡುತ್ತಿತ್ತು! ಆಕೆಯ ಹಿಂದೆ ಮತ್ತೆ ಯಾರೋ, ಅವರ ಹಿಂದೆ ಇನ್ಯಾರೋ. ಹಿಂದಿರುಗಿ ನೋಡಲು ನನಗೆ ನಾಚಿಕೆ.

ಶಾಲೆಯ ಬಾಗಿಲಲ್ಲಿ ನಿಮ್ಮ ಸಣ್ಣ ಮುತ್ಯಾ ಮಾವಿನ ತೋರಣ ಕಟ್ಟುತ್ತಿದ್ದರು. ಬೀಗ ಬೀಳುವುದಿದ್ದರೂ ತೋರಣ ಬಿಡುವ ಮನುಷ್ಯನೇ? ನಮ್ಮನ್ನು ನೋಡಿದರು. ಕೈಯ ತೋರಣ ಜಾರಿತು. ತಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಭುಜಗಳು ಅಲುಗುತ್ತಿದ್ದವು.

ಪುಟ್ಟಿ ತಾಯಿಯ ಕೈ ಬಿಡಿಸಿಕೊಂಡು ಹೋಗಿ ಅವರ ಧೋತರ ಜಗ್ಗಿದಳು.

“ಸಣ್ಣ ಮುತ್ಯಾ, ಸಾಲಿಗೆ ಬರಾಕ ಅಂಜಿಕಿ ಬರಾಕತ್ತೈತೇನು? ಅಳಬ್ಯಾಡ. ನನ್ನ ಬಾಜೂಕ ಕುಂಡ್ರು ಬಾ.”

ಯಾರ ಮಾತನ್ನೂ ಕೇಳದ ಆ ಮನುಷ್ಯ ಆಕೆಯ ಬೆರಳು ಹಿಡಿದು ಒಳಗೆ ಹೋಗಿ, ಒಂದನೆಯ ಇಯತ್ತೆಯ ಚಾಪೆಯ ಮೇಲೆ ಆಕೆಯ ಮಗ್ಗುಲಲ್ಲಿ ಕಾಲು ಮಡಚಿ ಕುಳಿತರು. ಟೀಚರೂ ಏಳಿ ಎನ್ನಲಿಲ್ಲ.