ಭಾವನ ಬೆರಳು ಮತ್ತು ತಂಗಿಯ ಹೊಸ್ತಿಲು

ನಮ್ಮ ಭಾವ ಕಂಪ್ಯೂಟರಿನ ಮೌಸ್ ಮುಟ್ಟುವುದಿಲ್ಲ. ಮುಟ್ಟಿದರೆ ಕಿವಿ ಮಂದವಾಗುತ್ತದೆ ಎಂದು ನಂಬಿರುವ ಮನುಷ್ಯ ಭೂಮಿಯ ಮೇಲೆ ಬಹುಶಃ ಅವರೊಬ್ಬರೇ! ಅವಲಪಲ್ಲಿಯ ಮನೆಯ ಮುಂದಿನ ಕೋಣೆಯಲ್ಲಿ ಕೂತು ಸುತ್ತಮುತ್ತಲಿನ ಮದುವೆಗಳ ವಿಡಿಯೊ ಎಡಿಟ್ ಮಾಡುವುದು ಅವರ ಕಸುಬು. ಅದಕ್ಕೆ ಕೀಬೋರ್ಡೇ ಸಾಕಂತೆ. ಆಲ್ಟ್ ಒತ್ತಿ ಹಿಡಿದು ಬಾಣದ ಕೀ ಒತ್ತಿದರೆ ದನಿಯ ತುಂಡು ಒಂದು ಫ್ರೇಮ್ ಸರಿಯುತ್ತದೆ, ಜೊತೆಗೆ ಶಿಫ್ಟ್ ಸೇರಿಸಿದರೆ ಐದು. ಒಂದು ಫ್ರೇಮ್ ಎಂದರೆ ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಪಾಲು. ನಿಮಗೂ ನನಗೂ ಅದು ಲೆಕ್ಕಕ್ಕೇ ಇಲ್ಲ. ಭಾವನಿಗೆ ಅದು ಹಲ್ಲಿನ ಸಂದಿಯ ಅಡಿಕೆ ಚೂರು, ತೆಗೆಯುವ ತನಕ ಊಟವಿಲ್ಲ.

ಚಟ ಬೆರಳಿಗೆ ಹತ್ತಿದ ಮೇಲೆ ಕಂಪ್ಯೂಟರೇ ಎದುರಿಗಿರಬೇಕೆಂದೇನಿದೆ? ಅಕ್ಕ ಬೈಯುತ್ತಿದ್ದರೆ ಭಾವನ ಬೆರಳು ಮಂಡಿಯ ಮೇಲೆ ಕುಟುಕುತ್ತಿರುತ್ತದೆ. ಒಮ್ಮೆ ಅವಳಿಗೆ ರೇಗಿಹೋಯಿತು.

"ನನ್ ಮಾತ್ನ ಕತ್ತರಿಸ್ತಾ ಇದೀರಾ?"

"ಇಲ್ಲ ಕಣೆ. ಎರಡು ಫ್ರೇಮ್ ಹಿಂದಕ್ಕೆ ತಳ್ತಾ ಇವ್ನಿ. ನಿನ್ ಬಾಯಿಗಿಂತ ಮುಂಚೆ ಬೈಗುಳ ಬತ್ತಾ ಐತೆ."

ಅವತ್ತು ಭಾವನಿಗೆ ಮುದ್ದೆಯ ಜೊತೆ ಸಾರು ಬರಲಿಲ್ಲ.

ಕಾಡಂಚಿನ ಸಾನಮಾವಿನ ಕಡೆ ಒಂದು ಮದುವೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಪಕ್ಕದ ರಾಗಿ ಹೊಲಕ್ಕೆ ಆನೆ ಬಂತು. ಅರ್ಧ ಜನ ಅಕ್ಷತೆ ಬಿಸಾಕಿ ಓಡಿದರು, ಯಾರೋ ಪಟಾಕಿ ಸಿಡಿಸಿದರು. ಬೇರೆಯವರಾಗಿದ್ದರೆ ಆ ಗದ್ದಲ ತೆಗೆದು ಒಂದು ಹಾಡು ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಭಾವ ಒಂದೊಂದೇ ಪಟಾಕಿಯನ್ನು ಸರಿಸಿ ಸರಿಸಿ ಗಟ್ಟಿಮೇಳದ ಡೋಲಿನ ಏಟಿಗೆ ಕೂರಿಸಿದರು. ಎಂಥ ಭರ್ಜರಿ ಮದುವೆ ಮಾಡಿಕೊಟ್ಟರು ಎಂದು ಬೀಗರ ನೆಂಟರು ಈಗಲೂ ಕೊಂಡಾಡುತ್ತಾರೆ. ಆನೆಯ ಹೆಸರು ಯಾರೂ ಎತ್ತುವುದಿಲ್ಲ.

ಇಂಥವರಿಗೆ ನನ್ನ ತಂಗಿ ಒಂದು ಕೆಲಸ ಒಪ್ಪಿಸಿದಳು. ಅವಳಿಗೆ ಚಿಕ್ಕಂದಿನಿಂದ ಉಗ್ಗು. ನಮ್ಮಲ್ಲಿ ಮದುಮಗಳು ಗಂಡನ ಹೆಸರು ಹೇಳದೆ ಅತ್ತೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಅವಳ ಮದುವೆಯ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತಿದ್ದರು, ಭಾವನ ಕ್ಯಾಮೆರಾ ಓಡುತ್ತಿತ್ತು. ಗಂಡನ ಹೆಸರು ಮಂಜುನಾಥ. ತಂಗಿ 'ಮ' ಎಂದಳು, ಮತ್ತೆ 'ಮ' ಎಂದಳು, ಅಲ್ಲೇ ಸಿಕ್ಕಿಕೊಂಡಳು. ಒಳಗಿದ್ದವರೂ ನಕ್ಕರು, ಹೊರಗಿದ್ದವರೂ ನಕ್ಕರು. ಕೊನೆಗೆ ಹೇಗೋ ಹೇಳಿ ಒಳಗೆ ಹೋದಳು, ಆದರೆ ಅವತ್ತೆಲ್ಲ ತಲೆ ಎತ್ತಲಿಲ್ಲ.

"ಅದನ್ನ ಕ... ಕತ್ತರಿಸಿಬಿಡಿ ಭಾವ," ಎಂದಳು ತವರಿಗೆ ಬಂದಾಗ. "ನಾಳೆ ನನ್ ಮಕ್ಳು ನೋಡಿ ನಗಬಾರ್ದು."

ಭಾವ ಆಯ್ತಮ್ಮ ಎಂದರು. ಅವರಿಗೆ ಅದು ಎರಡು ಕೀಗಳ ಕೆಲಸ. ಆದರೂ ದಿನಗಟ್ಟಲೆ ವಿಡಿಯೊ ಬರಲೇ ಇಲ್ಲ! ತಂಗಿ ಕೇಳಿ ಕೇಳಿ ಸೊರಗಿದಳು. ಕೊನೆಗೊಂದು ಭಾನುವಾರ ಕರೆಸಿದರು. ನಾನೂ ಹೋದೆ.

ಮದುಮಗನ ಅಂಗಿಗೆ ಸಣ್ಣದೊಂದು ಕಾಲರ್ ಮೈಕು ಸಿಕ್ಕಿಸುವುದು ಭಾವನ ಪದ್ಧತಿ. ಆ ಮೈಕಿನಲ್ಲಿ ಸಿಕ್ಕ ದನಿಯನ್ನು ಚಿತ್ರಕ್ಕೆ ಕೂರಿಸಿ, ಕ್ಯಾಮೆರಾದ ಗದ್ದಲವನ್ನು ಫ್ರೇಮ್ ಫ್ರೇಮಾಗಿ ಕತ್ತರಿಸಿದ್ದರು. ನಾದಿನಿಯರ ನಗು ಇರಲಿಲ್ಲ. ಊರವರ ನಗು ಇರಲಿಲ್ಲ. ನನ್ನದೂ ಇರಲಿಲ್ಲ. ತಂಗಿಯ 'ಮ... ಮ...' ಮಾತ್ರ ಇತ್ತು. ಅದರ ನಡುವೆ, ಅವತ್ತು ನಗೆಯಲ್ಲಿ ಅವಳಿಗೂ ಕೇಳಿಸದೆ ಹೋಗಿದ್ದ ಮಂಜುನಾಥನ ಪಿಸುದನಿ:

"ನಿಧಾನ್ವಾಗೇ ಹೇಳು. ನಿನ್ ಬಿಟ್ಟು ನಾನೂ ಒಳೀಕ್ ಹೋಗಕಿಲ್ಲ."

ಭಾವ ಕೀಬೋರ್ಡನ್ನು ಅವಳ ಕಡೆ ಸರಿಸಿದರು.

"ಆ ತುಂಡು ಗುರುತು ಮಾಡಿವ್ನಿ ಕಣಮ್ಮ. ಬೇಡ ಅಂದ್ರೆ ಡಿಲೀಟ್ ಒತ್ತು. ಅವನ ಮಾತೂ ಅದ್ರ ಜೊತೆಗೇ ಹೋಯ್ತದೆ."

ತಂಗಿ ಡಿಲೀಟಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಳು. ಪಕ್ಕಕ್ಕೆ ನೋಡಿದರೆ, ಭಾವನ ಬೆರಳುಗಳು ಮಂಡಿಯ ಮೇಲೆ ಅಲ್ಲಾಡದೆ ಬಿದ್ದಿದ್ದವು. ಅವು ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಅವಳು ಬೆರಳು ತೆಗೆದಳು. ವಿಡಿಯೊವನ್ನು ಹಿಂದಕ್ಕೆ ತಂದು, 'ಮ'ದಿಂದ ಮತ್ತೆ ಹಾಕಿಸಿಕೊಂಡು ಕೇಳಿದಳು.