ಉಗಿಬಂಡಿಯ ಉಪವಾಸ

ಖಂಡೇನವಮಿಯ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಎಲ್ಲವೂ ಕೆಡಲು ಶುರುವಾಯಿತು. ಆ ಗಳಿಗೆಯಲ್ಲಿ ನಾನು ಬಾಯಿ ತೆರೆದೆ, ಆದ್ದರಿಂದ ಕೆಟ್ಟಿತು ಎಂಬುದು ಡೊಂಬಿವಲಿಯ ನಮ್ಮ ಬಿಲ್ಡಿಂಗಿನವರ ಅಭಿಪ್ರಾಯ. ಆ ಗಳಿಗೆಯಲ್ಲಿ ವಾಮನರಾಯರು ಗ್ಯಾಸ್ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದರು, ಆದ್ದರಿಂದ ಕೆಟ್ಟಿತು ಎಂಬುದು ನನ್ನದು. ಒಂದು ಕಡೆ ಇಡೀ ಬಿಲ್ಡಿಂಗು, ಇನ್ನೊಂದು ಕಡೆ ನಾನೊಬ್ಬ. ಸತ್ಯವನ್ನು ಕೈಯೆತ್ತಿಸಿ ತೀರ್ಮಾನಿಸುವ ಪದ್ಧತಿ ಹೌಸಿಂಗ್ ಸೊಸೈಟಿಗಳಲ್ಲಿ ಮೊದಲಿನಿಂದಲೂ ಇದೆ.

ವಾಮನರಾಯರು ನಮ್ಮ ಪಕ್ಕದ ಮನೆಯವರು, ವಿಜಾಪುರದ ಕಡೆಯವರು, ತುರ್ಭೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಅವರ ಭಾವಮೈದುನ ಪರದೇಶದಿಂದ ಬರುವಾಗ ಎಲ್ಲರಂತೆ ಟೇಪ್‌ರೆಕಾರ್ಡರ್ ತರಬಹುದಿತ್ತು. ಮೊಳದುದ್ದದ ಉಗಿ ಇಂಜಿನ್ ತಂದ. ನಿಜವಾದ ಬಾಯ್ಲರ್, ನಿಜವಾದ ಉಗಿ. ಕಲ್ಲಿದ್ದಲಿನ ಬದಲು ಸಿಗರೇಟ್ ಲೈಟರಿಗೆ ತುಂಬುವ ಗ್ಯಾಸ್. ಠಾಣೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಯಾರೂ ಕೇಳದಿದ್ದರೂ, ಅದನ್ನು ಓಡಿಸುವ ಕ್ರಮ ವಿವರಿಸಿದೆ. ಮೊದಲು ಬಾಯ್ಲರಿಗೆ ನೀರು, ಆಮೇಲೆ ಎಣ್ಣೆ, ಕೊನೆಗೆ ಗ್ಯಾಸ್. ಡಬ್ಬಿಯನ್ನು ತಲೆಕೆಳಗು ಮಾಡಿ ತುಂಬುವಾಗ ಒಂದಿಷ್ಟು ಗ್ಯಾಸ್ ಹೊರಗೆ ಚೆಲ್ಲಿಯೇ ಚೆಲ್ಲುತ್ತದೆ. ಅದು ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಅದೆಲ್ಲ ಚದುರಿಹೋಗುವ ತನಕ ಹತ್ತಿರದಲ್ಲಿ ಬೆಂಕಿಯ ಸುಳಿವಿರಬಾರದು. "ನೀರು, ಎಣ್ಣಿ, ಗ್ಯಾಸು, ಆಮ್ಯಾಲೆ ಕಡ್ಡಿ," ಎಂದು ರಾಯರು ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದರು. ಹಲವು ಭಾನುವಾರ ಗ್ಯಾಲರಿಯಲ್ಲಿ ಹಳಿ ಜೋಡಿಸಿ ಓಡಿಸಿದರು. ಏನೂ ಆಗಲಿಲ್ಲ. ನನ್ನ ಪಾಠವನ್ನು ಶಾಲೆಯಲ್ಲಿ ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ.

ಆಮೇಲೆ ನವಮಿ ಬಂತು. ಕಾರ್ಖಾನೆಗಳಲ್ಲಿ ಆ ದಿನ ಯಂತ್ರ ನಿಲ್ಲಿಸಿ ಪೂಜೆ ಮಾಡುತ್ತಾರೆ. ರಾಯರ ತಾಯಿ, ಬಿಲ್ಡಿಂಗಿಗೆಲ್ಲ ಅಜ್ಜಿ. ಅವರಿಗೆ ಮಾತ್ರ ಆರತಿ ಎತ್ತಿದ ಕೂಡಲೇ ಗಾಡಿ ಹೊರಡಬೇಕೆಂಬ ಆಸೆ. ರಾಯರು ಬೇಗನೆ ಕಡ್ಡಿ ಗೀರಿ ಉಗಿ ಏರಿಸಿದರು. ಆದರೆ ಮೇಲಿನ ಮನೆಯ ಜೋಶಿ ಕಾಕೂ ಸೀರೆ ಉಟ್ಟು ಇಳಿದು ಬರುವಷ್ಟರಲ್ಲಿ ಗ್ಯಾಸ್ ಮುಗಿದು ಇಂಜಿನ್ ಸುಮ್ಮನಾಯಿತು. ಸುತ್ತ ಎಣ್ಣೆದೀಪ, ಊದಿನಕಡ್ಡಿ, ತಟ್ಟೆಯಲ್ಲಿ ಉರಿಯುವ ಕರ್ಪೂರ. ರಾಯರು ಡಬ್ಬಿ ಎತ್ತಿಕೊಂಡರು.

"ರಾಯರೇ, ಮೊದಲು ದೀಪ ಆರಿಸಿ," ಎಂದೆ.

"ಹಬ್ಬದಾಗ ದೀಪಾ ಆರಸು ಅಂತೀರೇನಪಾ ಮಾಸ್ತರ?" ಅಜ್ಜಿ ಆರತಿ ತಟ್ಟೆಯ ಮೇಲಿಂದ ದುರುಗುಟ್ಟಿದರು. "ಬಾಯಾಗ ಬ್ಯಾರೆ ಮಾತ ಇಲ್ಲೇನು?"

"ಗ್ಯಾಸಿಗೆ ಹತ್ತಿಕೊಂಡರೆ ಸಿಡಿಯುತ್ತದೆ ಅಜ್ಜಿ."

"ಅಹೋ ಸರ್, ಸಣಾಚ್ಯಾ ದಿವಶೀ ಅಸಂ ಬೋಲತಾತ ಕಾ!" ಹಬ್ಬದ ದಿನ ಇಂಥ ಮಾತಾಡುವುದೇ ಎಂದು ಜೋಶಿ ಕಾಕೂ ಕೆನ್ನೆ ಬಡಿದುಕೊಂಡರು.

ರಾಯರು ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು. "ಎರಡ ಮಿನೀಟ ಮಾಸ್ತರ. ಮುಹೂರ್ತ ಮೀರ್ತದ."

ನನ್ನ ಮಗಳು ಸುಮಾ ಇಂಜಿನ್ನಿನ ಮೂತಿಯ ಮುಂದೆಯೇ ಕುಕ್ಕರಗಾಲಲ್ಲಿ ಕೂತಿದ್ದಳು. ಇತ್ತ ಬಾ ಎಂದರೆ, "ಥಾಂಬ ನಾ ಪಪ್ಪಾ!" ಎಂದಳು, ತಡಿ ಎನ್ನುವಂತೆ ಕೈಯಾಡಿಸಿ, ತಿರುಗಿಯೂ ನೋಡದೆ.

ಡಬ್ಬಿಯ ಬಾಯಲ್ಲಿ ಬಿಳಿಯ ಆವಿ ಚೆಲ್ಲಿದ್ದನ್ನು ನೋಡಿದೆ. ಅದು ನೆಲಕ್ಕಿಳಿದು ದೀಪದ ಕಡೆ ತೆವಳಿದ್ದು ಯಾರ ಕಣ್ಣಿಗೂ ಬಿದ್ದಿಲ್ಲ, ಗ್ಯಾಸ್ ಕಾಣುವ ವಸ್ತುವಲ್ಲ. ಕಣ್ಣು ಮುಚ್ಚಿದರೆ ಈಗಲೂ ನನಗೆ ಕಾಣುವುದು ಅದೇ. ಭುಸ್ ಎಂದು ನೀಲಿ ಬೆಂಕಿ ನೆಲದುದ್ದಕ್ಕೂ ಹಾಸಿಕೊಂಡಿತು. ರಾಯರು ಡಬ್ಬಿಯನ್ನು ಕಟಕಟೆಯಾಚೆ ಎಸೆದರು. ನಾನು ಸುಮಾಳ ಜಡೆ ಹಿಡಿದು ಎಳೆದೆ. ಒಂದು ಸೀನು ಸೀನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗುವಿನ ಹುಬ್ಬು ಸುಟ್ಟಿತ್ತು, ಹೊಸ ಫ್ರಾಕಿನ ಅಂಚು ಕರಕಾಗಿತ್ತು. ಕಣ್ಣು ಉಳಿದಿತ್ತು.

"ಸಿಡೀತದ ಅಂದ್ರಿ, ಸಿಡೀತು," ಎಂದರು ಅಜ್ಜಿ. ಸೊಸೈಟಿಯ ಮೀಟಿಂಗಿನಲ್ಲಿ ಗ್ಯಾಸಿನ ಬಗ್ಗೆ ಒಂದು ಮಾತಿಲ್ಲ, ದೀಪದ ಬಗ್ಗೆ ಒಂದು ಮಾತಿಲ್ಲ. ಇನ್ನು ಮುಂದೆ ಪೂಜೆಯ ವೇಳೆ ಮಾಸ್ತರರು ಮನೆಯೊಳಗೇ ಇರತಕ್ಕದ್ದು ಎಂದು ಸರ್ವಾನುಮತದಿಂದ ನಿರ್ಧಾರವಾಯಿತು. ಕೈಯೆತ್ತಿದವರಲ್ಲಿ ನನ್ನ ಹೆಂಡತಿಯೂ ಇದ್ದಳು. "ಹಬ್ಬದ ದಿನವಾದರೂ ಒಂದು ಒಳ್ಳೆ ಮಾತು ಆಡಬಾರದಿತ್ತೇ?" ಎಂದಳು. ಸುಮಾಳ ಹುಬ್ಬು ಮತ್ತೆ ಬೆಳೆಯಿತು, ನನ್ನ ನಿದ್ದೆ ಬೆಳೆಯಲಿಲ್ಲ. ಯಾರದೋ ಮನೆಯ ಕುಕ್ಕರ್ ಸುಯ್ ಎಂದರೂ ಎದ್ದು ಕೂರುತ್ತಿದ್ದೆ, ಮಗುವಿನ ಮುಖ ಮುಟ್ಟಿ ನೋಡುತ್ತಿದ್ದೆ.

ಮರುವರ್ಷ ನವಮಿ ಹತ್ತಿರವಾದಾಗ ರಾಯರನ್ನು ಸ್ಟೇಷನ್ನಿನ ಸೇತುವೆಯ ಮೇಲೆ ಹಿಡಿದೆ. "ಪೂಜೆ ಮುಗಿದ ಮೇಲೆ ಗ್ಯಾಸ್ ತುಂಬಿ ರಾಯರೇ, ಸುಮಾ ಈ ಸಲವೂ ಮುಂದೆಯೇ ಕೂರುತ್ತಾಳೆ."

"ನನಗ ತಿಳೀತದರಿ. ಅವ್ವಗ ಹೆಂಗ ಹೇಳ್ಲಿ? ನಿಮ್ಮ ಹೆಸರ ತಗದ್ರ ತಾಟ ಎತ್ತಿ ಒಗೀತಾಳ."

"ನನ್ನ ಹೆಸರು ಬೇಡ. ಊರಿನ ಆಚಾರ್ಯರು ಹೇಳಿದರು ಅನ್ನಿ. ಪೂಜೆಗೆ ಕೂರುವ ಇಂಜಿನ್ನಿಗೂ ಉಪವಾಸ ಉಂಟು, ಆರತಿಯಾಗಿ ದೀಪ ಒಳಗೆ ಹೋದ ಮೇಲೆಯೇ ಪಾರಣೆ ಅನ್ನಿ."

ಹೇಳುವಾಗ ನಾಲಿಗೆ ತೊದಲಲಿಲ್ಲ. ನನಗೇ ಆಶ್ಚರ್ಯ.

ಆ ನವಮಿಯಂದು ಒಳಗಿನಿಂದ ಚಿಲಕ ಹಾಕಿಕೊಂಡು ಕಿಟಕಿಯ ಸಂದಿಗೆ ಕಣ್ಣಿಟ್ಟೆ. ಇಂಜಿನ್ ಖಾಲಿ ಹೊಟ್ಟೆಯಲ್ಲಿ ಕುಂಕುಮ, ಹೂವು, ಆರತಿ ಸ್ವೀಕರಿಸಿತು. ದೀಪಗಳು ಒಳಗೆ ಹೋದವು. ರಾಯರು ಅಂಗಳಕ್ಕಿಳಿದು ಬಯಲಲ್ಲಿ ಗ್ಯಾಸ್ ತುಂಬಿ, ಸ್ವಲ್ಪ ತಡೆದು ಮೇಲೆ ತಂದು ಕಡ್ಡಿ ಗೀರಿದರು. ಗಾಡಿ ಓಡಿತು. ಸುಮಾ ಚಪ್ಪಾಳೆ ತಟ್ಟಿದಳು.

ಅಜ್ಜಿ ಕಿಟಕಿಯಿಂದಲೇ ಪ್ರಸಾದ ಕೊಟ್ಟರು. "ನೋಡ್ರಿ ಮಾಸ್ತರ, ಶಾಸ್ತ್ರದ ಪರಕಾರ ಮಾಡಿದ್ವಿ, ಕೂದಲೂ ಕೊಂಕಲಿಲ್ಲ. ಇಂಜಿನ್ನಿಗೂ ಉಪಾಸ ಇರ್ತದಂತ ನಿಮ್ಮ ಸೈನ್ಸಿನಾಗ ಬರದದೇನು?"

"ಇಲ್ಲ ಅಜ್ಜಿ," ಎಂದೆ. ಕೊಬ್ಬರಿ ಸಕ್ಕರೆ ಬಾಯಿಗೆ ಹಾಕಿಕೊಂಡೆ. ಆ ರಾತ್ರಿ ಮಲಗಿದವನಿಗೆ ಎಚ್ಚರವಾದದ್ದು ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದಾಗಲೇ.